ಠಾಣೆಗಿಂತ ಮೊದಲು ಆಸ್ಪತ್ರೆಗೂ ಹೋಗಬಹುದು

ಲೈಂಗಿಕ ದೌರ್ಜನ್ಯದ ಪ್ರಕರಣ ಹಿಡಿದು ಬರುವ ಮನೆಯವರು ನನ್ನಲ್ಲಿ ಮೊದಲು ಕೇಳುವುದು ಶಿಕ್ಷೆಯ ಬಗ್ಗೆ ಅಲ್ಲ. "ತಡ ಆಗಿ ಹೋಗಿದೆ ವಕೀಲರೇ, ಇನ್ನು ಕೇಸ್ ನಿಲ್ತದಾ?" ಎಂದು ಕೇಳುತ್ತಾರೆ.

ಶಿರಸಿ, ಸಿದ್ದಾಪುರ, ಜೊಯಿಡಾ ಕಡೆ ಮನೆಗಳು ದೂರ ದೂರ. ತೋಟದಾಚೆಯ ಮನೆಯಿಂದ ಹೆಣ್ಣುಮಗಳೊಬ್ಬಳು ಪೇಟೆಗೆ ಬರಬೇಕೆಂದರೆ ಬಸ್ಸಿನ ಹೊತ್ತು ನೋಡಬೇಕು. ಯಾಕೆ ಹೊರಟೆ ಎಂದವರಿಗೆಲ್ಲ ಉತ್ತರ ಕೊಡಬೇಕು. ಅಷ್ಟರಲ್ಲಿ ಎರಡು ದಿನ ಕಳೆದಿರುತ್ತದೆ. ಬರೀ ತಡವಾಯಿತು ಎಂಬ ಕಾರಣಕ್ಕೆ ಇಂಥ ದೂರನ್ನು ತಳ್ಳಿಹಾಕಬಾರದು ಎಂದು ಸುಪ್ರೀಂ ಕೋರ್ಟ್ 1996ರಲ್ಲೇ, ಗುರ್ಮೀತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಅವಳ ಮಾತು ನಂಬುವಂತಿದ್ದರೆ ಅದೊಂದರ ಮೇಲೆಯೇ ಶಿಕ್ಷೆ ಕೊಡಬಹುದು ಎಂದೂ ಹೇಳಿದೆ. ಹಾಗಾಗಿ ಕೇಸ್ ನಿಲ್ಲುತ್ತದೆ. ಆದರೆ ಮೈಮೇಲಿನ ಗುರುತು, ಬಟ್ಟೆಯ ಮೇಲಿನ ಕಲೆ ಹಾಗೇ ಉಳಿಯುವುದಿಲ್ಲ.

ಅದಕ್ಕೇ ನಾನು ಮೊದಲು ಆಸ್ಪತ್ರೆಯ ಮಾತು ಎತ್ತುತ್ತೇನೆ. ಎಫ್‌ಐಆರ್ ಆಗದೆ ವೈದ್ಯರು ಮುಟ್ಟುವುದಿಲ್ಲ ಎಂದು ತುಂಬಾ ಜನ ತಿಳಿದಿದ್ದಾರೆ. ಅದು ತಪ್ಪು. ಸರ್ಕಾರಿ ಇರಲಿ, ಖಾಸಗಿ ಇರಲಿ, ಆಸ್ಪತ್ರೆ ತಕ್ಷಣ, ಪುಕ್ಕಟೆಯಾಗಿ ಚಿಕಿತ್ಸೆ ಕೊಡಲೇಬೇಕು. ಕೊಡದಿದ್ದರೆ ಒಂದು ವರ್ಷದವರೆಗೆ ಜೈಲು ಇದೆ. ಪೊಲೀಸರಿಗೆ ತಿಳಿಸುವುದು ಆಸ್ಪತ್ರೆಯ ಕೆಲಸ. ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಬೇಗ ಆದಷ್ಟೂ ಒಳ್ಳೆಯದು. ತಪಾಸಣೆಗೆ ಅವಳ ಒಪ್ಪಿಗೆ ಬೇಕೇ ಬೇಕು. ಅವಳಿಗೆ ಹಿಂದೆ ಸಂಬಂಧವಿತ್ತೇ ಎಂದು ನೋಡಲು ಮಾಡುತ್ತಿದ್ದ 'ಎರಡು ಬೆರಳಿನ ಪರೀಕ್ಷೆ' ಮಾಡುವಂತಿಲ್ಲ. ಮಾಡಿದವರು ದುರ್ನಡತೆಯ ತಪ್ಪಿತಸ್ಥರು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ಬಟ್ಟೆಯ ವಿಚಾರದಲ್ಲಿ ತಾಯಂದಿರಿಗೆ ಒಂದು ಮಾತು. ಒಗೆಯಬೇಡಿ, ಪ್ಲಾಸ್ಟಿಕ್ ಚೀಲಕ್ಕೂ ತುಂಬಬೇಡಿ. ನಮ್ಮ ಮಳೆಗಾಲದ ತೇವಕ್ಕೆ ಪ್ಲಾಸ್ಟಿಕ್ಕಿನೊಳಗೆ ಬೂಷ್ಟು ಹಿಡಿದು ಸಾಕ್ಷ್ಯವೇ ಕೆಟ್ಟುಹೋಗುತ್ತದೆ. ನೆರಳಲ್ಲಿ ಆರಿಸಿ, ಕಾಗದದಲ್ಲಿ ಸುತ್ತಿಡಿ.

ಇನ್ನು ಠಾಣೆ. ಕಾರವಾರ, ಅಂಕೋಲಾ ಕಡೆಯಿಂದ ಗೋವಾಕ್ಕೆ ಕೆಲಸಕ್ಕೆ ಹೋಗುವ ಹುಡುಗಿಯರು ಬಹಳ. ಅಲ್ಲಿ ಅನ್ಯಾಯವಾದರೆ ಅಲ್ಲಿಯೇ ದೂರು ಕೊಡಬೇಕು ಎಂದೇನಿಲ್ಲ. ಪೊಲೀಸರು, ಕೋರ್ಟು ಕೇಸನ್ನು ಹೇಗೆ ನಡೆಸಬೇಕು ಎಂದು ಹೇಳುವ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಬರೆದುಕೊಳ್ಳಬೇಕು. ಇದೇ ಝೀರೋ ಎಫ್‌ಐಆರ್. ಸಂತ್ರಸ್ತೆಯ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಪ್ರತಿ ಪುಕ್ಕಟೆ, ಕೇಳಿ ಪಡೆಯಿರಿ. ಬರೆದುಕೊಳ್ಳಲು ಒಪ್ಪದ ಅಧಿಕಾರಿಗೆ ಆರು ತಿಂಗಳಿನಿಂದ ಎರಡು ವರ್ಷದವರೆಗೆ ಶಿಕ್ಷೆ ಇದೆ. "ನಮ್ಮ ವ್ಯಾಪ್ತಿಗೆ ಬರೋದಿಲ್ಲ" ಎಂದು ವಾಪಸ್ ಕಳಿಸಿದರೆ ಅಂಚೆಯಲ್ಲಿ ಎಸ್‌ಪಿಗೆ ದೂರು ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟ್ ಇದೆ.

ನನ್ನನ್ನು ಜಾಸ್ತಿ ಕಾಡುವುದು ಠಾಣೆಯಲ್ಲ, ಊರಿನ ಜಗಲಿ. "ನಾಲ್ಕು ಜನ ಕೂತು ಮಾತಾಡೋಣ, ಹುಡುಗಿಯ ಮದುವೆ ಆಗಬೇಕಲ್ವಾ" ಎನ್ನುವ ಹಿರಿಯರು ಕೆಟ್ಟವರೇನಲ್ಲ. ಆದರೆ ಅತ್ಯಾಚಾರದಲ್ಲಿ ರಾಜಿಗೆ ಕಾನೂನಿನಲ್ಲಿ ಜಾಗವೇ ಇಲ್ಲ. ಆರೋಪಿಗೇ ಮದುವೆ ಮಾಡಿಕೊಡುವ ಮಾತಂತೂ ಅವಳಿಗೆ ಇನ್ನೊಂದು ಶಿಕ್ಷೆ. ಹದಿನೆಂಟು ತುಂಬದ ಮಗುವಾದರೆ ಮಾತಾಡಲು ಕೂರುವುದೇ ಅಪಾಯ: ವಿಷಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದು ಪೋಕ್ಸೊ ಕಾಯ್ದೆಯಲ್ಲಿ ಅಪರಾಧ. ಶಾಲೆಯ ಮಾಸ್ತರರು, ವೈದ್ಯರು, ಹಾಸ್ಟೆಲ್ ವಾರ್ಡನ್, ಎಲ್ಲರಿಗೂ ಇದು ಅನ್ವಯ. ವಾಟ್ಸ್ಆಪ್ ಗುಂಪಿನಲ್ಲಿ ಹುಡುಗಿಯ ಹೆಸರು, ಫೋಟೊ ಹಂಚುವವರೂ ಕೇಳಿ, ಅದಕ್ಕೆ ಎರಡು ವರ್ಷದವರೆಗೆ ಜೈಲು.

ಕೋರ್ಟಿನ ವಿಷಯದಲ್ಲಿ ಸುಳ್ಳು ಭರವಸೆ ಕೊಡಲಾರೆ. ತನಿಖೆ ಎರಡು ತಿಂಗಳಲ್ಲಿ, ಚಾರ್ಜ್‌ಶೀಟ್ ಬಂದ ಮೇಲೆ ವಿಚಾರಣೆ ಇನ್ನೆರಡು ತಿಂಗಳಲ್ಲಿ ಮುಗಿಯಬೇಕು ಎಂದು ಕಾನೂನಿನಲ್ಲಿದೆ. ವಿಚಾರಣೆ ಅಷ್ಟು ಬೇಗ ಮುಗಿಯುವುದು ಅಪರೂಪ. ಸಾಕ್ಷಿಗಳು ತಿರುಗಿ ಬೀಳುವುದು ಈ ಕಾಯುವಿಕೆಯಲ್ಲೇ. ಮುಚ್ಚಿದ ಕೋರ್ಟಿನಲ್ಲಿ ವಿಚಾರಣೆ ನಡೆಯುತ್ತದೆ ಎಂದು ಗೊತ್ತಾದರೆ ಎಷ್ಟೋ ಹೆಣ್ಣುಮಕ್ಕಳಿಗೆ ಅರ್ಧ ಭಯ ಹೋಗುತ್ತದೆ. ಅವಳಿಗೆ ಹಿಂದೆ ಯಾರ ಜೊತೆ ಸಂಬಂಧವಿತ್ತು ಎಂದು ಪಾಟೀ ಸವಾಲಿನಲ್ಲಿ ಕೆದಕುವಂತಿಲ್ಲ. ಕೆದಕಿದರೆ ಸರ್ಕಾರಿ ಅಭಿಯೋಜಕರು ಅಲ್ಲೇ ಎದ್ದು ಆಕ್ಷೇಪಿಸಬೇಕು. ಸುಮ್ನೆ ಕೂತರೆ ಪ್ರಶ್ನೆ ದಾಖಲಾಗುತ್ತದೆ, ಅವಳ ದನಿ ಕುಗ್ಗುತ್ತದೆ. ಅಭಿಯೋಜಕರಿಗೆ ನೆರವಾಗಲು, ಕೋರ್ಟಿನ ಅನುಮತಿ ಪಡೆದು ತನ್ನದೇ ವಕೀಲರನ್ನು ಇಟ್ಟುಕೊಳ್ಳಬಹುದು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ.

ವಕೀಲರ ಖರ್ಚಿಗೆ ಹೆದರಬೇಕಿಲ್ಲ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಹೆಂಗಸರಿಗೆ, ಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಕಾರವಾರದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ, ತಾಲ್ಲೂಕುಗಳಲ್ಲಿ ಅದರ ಸಮಿತಿಗಳಿವೆ. ಸರ್ಕಾರ ಕೊಡುವ ಪರಿಹಾರದ ಹಣಕ್ಕೆ ಅರ್ಜಿಯನ್ನೂ ಪ್ರಾಧಿಕಾರಕ್ಕೇ ಕೊಡಬೇಕು. ಅದಕ್ಕೆ ತೀರ್ಪು ಬರುವ ತನಕ ಕಾಯಬೇಕಿಲ್ಲ. ಆರೋಪಿ ಯಾರೆಂದು ಪತ್ತೆಯಾಗದಿದ್ದರೂ ಅರ್ಜಿ ಹಾಕಬಹುದು, ಚಿಕಿತ್ಸೆಗೆಂದು ಮಧ್ಯಂತರ ನೆರವನ್ನೂ ಕೇಳಬಹುದು.