ಶಿಕೊಕು ದಾರಿಯಲ್ಲಿ ಒಂಟಿ ಯಾತ್ರಿಕನಿಗೆ ಒಂದು ರಾತ್ರಿಯ ಜಾಗ

ಜಪಾನಿನ ಶಿಕೊಕು ದ್ವೀಪದಲ್ಲಿ ಓಜು ಎಂಬ ಊರಿದೆ. ಅಲ್ಲಿನ ಒಂದು ಸಾಧಾರಣ ಸೇತುವೆಯ ಮೇಲೆ ದಿನವಿಡೀ ವಾಹನಗಳು ಓಡಾಡುತ್ತವೆ. ಕೆಳಗೆ ಸಣ್ಣ ಹೊಳೆ, ಹೊಳೆಯ ಪಕ್ಕದಲ್ಲಿ ಮಲಗಿದ ಭಂಗಿಯ ಒಂದು ಕಲ್ಲಿನ ಮೂರ್ತಿ. ಭಕ್ತರು ಅದಕ್ಕೆ ನಿಜವಾದ ಹೊದಿಕೆಯನ್ನೇ ಹೊದಿಸಿರುತ್ತಾರೆ. ಮಲಗಿರುವಾತ ಜಪಾನಿನ ಶಿಂಗೋನ್ ಬೌದ್ಧ ಪಂಥವನ್ನು ಸ್ಥಾಪಿಸಿದ ಕೂಕಾಯ್ (774–835). ಜನ ಆತನನ್ನು ಕೋಬೋ ದಾಯ್ಶಿ ಎಂದೇ ಕರೆಯುತ್ತಾರೆ. ಸಂಚಾರದಲ್ಲಿದ್ದ ಆತನನ್ನು ಈ ಊರಿನಲ್ಲಿ ಯಾರೂ ಒಳಗೆ ಕರೆಯಲಿಲ್ಲವಂತೆ. ಸೇತುವೆಯ ಅಡಿಯಲ್ಲಿ ಹಸಿದು, ಚಳಿಯಲ್ಲಿ ನಡುಗುತ್ತಾ ಕಳೆದ ಆ ಒಂದು ರಾತ್ರಿ ಹತ್ತು ರಾತ್ರಿಗಳಷ್ಟು ಉದ್ದವೆನಿಸಿತಂತೆ. ಆದ್ದರಿಂದ ಸೇತುವೆಯ ಹೆಸರು ತೋಯೋಗಾಹಾಶಿ, ಅಂದರೆ ಹತ್ತು ರಾತ್ರಿಯ ಸೇತುವೆ. ಇಂದಿಗೂ ಶಿಕೊಕು ಯಾತ್ರಿಕರು ಯಾವ ಸೇತುವೆ ದಾಟುವಾಗಲೂ ಕೈಯಲ್ಲಿರುವ ಕೋಲನ್ನು ನೆಲಕ್ಕೆ ಊರುವುದಿಲ್ಲ. ಕೆಳಗೆ ಗುರು ಮಲಗಿರಬಹುದು, ನಿದ್ದೆ ಕೆಟ್ಟೀತು ಎಂಬ ಭಾವ.

ಈ ಯಾತ್ರೆಯ ಮೂಲಪುರುಷನಿಗೇ ಒಂದು ರಾತ್ರಿ ಜಾಗ ಸಿಗಲಿಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಕಥೆ ಸುಲಭವಾಗಿ ಅರ್ಥವಾಗುತ್ತದೆ. ದ್ವೀಪವನ್ನು ಸುತ್ತುವ ಸುಮಾರು 1,200 ಕಿಲೋಮೀಟರ್ ದಾರಿ, 88 ದೇವಾಲಯಗಳು, ನಡೆದರೆ 40ರಿಂದ 60 ದಿನ. ಯಾತ್ರಿಕನಿಗೆ ‘ಹೆನ್ರೋ’ ಎಂದು ಹೆಸರು. ಆತನ ಹುಲ್ಲಿನ ಟೊಪ್ಪಿಯ ಮೇಲೆ ‘ದೋಗ್ಯೋ ನಿನಿನ್’ ಎಂದು ಬರೆದಿರುತ್ತದೆ. ಇಬ್ಬರು ಜೊತೆಯಾಗಿ ನಡೆಯುತ್ತಿದ್ದೇವೆ ಎಂದರ್ಥ. ಒಂಟಿಯಾಗಿ ಹೊರಟವನ ಪಕ್ಕದಲ್ಲೂ ಕೋಬೋ ದಾಯ್ಶಿ ಇರುತ್ತಾನೆಂಬ ನಂಬಿಕೆ. ಇಬ್ಬರಲ್ಲಿ ಹಾಸಿಗೆ ಬೇಕಾದದ್ದು ಒಬ್ಬರಿಗೆ ಮಾತ್ರ. ಆ ಒಂದು ಹಾಸಿಗೆಯೇ ಮುನ್ನೂರು ವರ್ಷಗಳಿಂದ ತಕರಾರಿನ ವಸ್ತು.

ಈಚೆಗೆ ಕೊಠಡಿ ಸಿಗದಿದ್ದರೆ ವಿದೇಶಿ ಯಾತ್ರಿಕರ ಕಡೆಗೆ ಬೆರಳು ತೋರಿಸುವುದು ರೂಢಿಯಾಗಿದೆ. ವಸಂತದಲ್ಲಿಯೂ ಶರತ್ಕಾಲದಲ್ಲಿಯೂ ದಟ್ಟಣೆ ಇರುವುದು ನಿಜ. ಆದರೆ ಹಾಸಿಗೆಗಳು ಕಡಿಮೆಯಾದದ್ದು ಅವರು ಬರುವುದಕ್ಕೆ ಎಷ್ಟೋ ಮೊದಲು.

ಯಾತ್ರೆ ಜನಸಾಮಾನ್ಯರ ಕೈಗೆ ಬಂದದ್ದು 17ನೇ ಶತಮಾನದಲ್ಲಿ. ಶಿನ್ನೆನ್ ಎಂಬ ಅಲೆಮಾರಿ ಭಿಕ್ಷು ಈ ದಾರಿಯನ್ನು ಮತ್ತೆ ಮತ್ತೆ ಸುತ್ತಿ 1687ರಲ್ಲಿ ಒಂದು ಕೈಪಿಡಿಯನ್ನು ಅಚ್ಚು ಹಾಕಿಸಿದ. ಯಾವ ಹಳ್ಳಿಯಲ್ಲಿ ಯಾರು ಯಾತ್ರಿಕರಿಗೆ ಜಾಗ ಕೊಡುತ್ತಾರೆ ಎಂಬುದನ್ನು ಹೆಸರು ಸಮೇತ ಅದರಲ್ಲಿ ಬರೆದಿದ್ದ. ದೇವರ ಮಹಿಮೆಯ ಜೊತೆಗೆ ರಾತ್ರಿಯ ವ್ಯವಸ್ಥೆಯೂ ಬೇಕೆಂಬುದನ್ನು ಆತ ಬಲ್ಲವನಾಗಿದ್ದ. ಬರೆದು ಸುಮ್ಮನಾಗಲೂ ಇಲ್ಲ. 37ನೇ ದೇವಾಲಯದಿಂದ ಅಶಿಜುರಿ ಭೂಶಿರದಲ್ಲಿರುವ 38ನೆಯದಕ್ಕೆ 80 ಕಿಲೋಮೀಟರಿಗೂ ಹೆಚ್ಚು ದೂರ. ಇಡೀ ಯಾತ್ರೆಯಲ್ಲಿ ಎರಡು ದೇವಾಲಯಗಳ ನಡುವೆ ಇಷ್ಟು ಉದ್ದದ ಅಂತರ ಬೇರೆಲ್ಲೂ ಇಲ್ಲ. ಆ ಭಾಗದ ಇಚಿನೋಸೆ ಎಂಬಲ್ಲಿ ಆತ ಒಂದು ತಂಗುಮನೆ ಕಟ್ಟಿಸಿದ.

ಜಾಗ ಕೊಡುವುದರಲ್ಲಿ ಹಲವು ಬಗೆಗಳು ಬೆಳೆದವು. ಪುಣ್ಯಕ್ಕಾಗಿ ಮನೆಯವರು ಉಚಿತವಾಗಿ ಕೊಡುವ ತಂಗುವಿಕೆ ‘ಜೆನ್ಕೋನ್‌ಯಾದೊ’. ದೇವಾಲಯದ ಅಂಗಳದಲ್ಲಿ ರಾತ್ರಿ ಕಳೆಯಲು ಬಿಡುವ ಬರಿಯ ಕೋಣೆ ‘ತ್ಸುಯಾದೋ’. ಇನ್ನು ‘ಕಿಚಿನ್‌ಯಾದೊ’ ಎಂದರೆ ಸೌದೆಯ ಬೆಲೆ ಕೊಟ್ಟು ತಂಗುವ ಮನೆ. ಯಾತ್ರಿಕ ತಾನು ಭಿಕ್ಷೆಯಲ್ಲಿ ಪಡೆದ ಅಕ್ಕಿಯನ್ನು ಕೊಟ್ಟು ಅನ್ನ ಮಾಡಿಸಿಕೊಳ್ಳುತ್ತಿದ್ದ; ದುಡ್ಡು ಉರಿದ ಕಟ್ಟಿಗೆಗೆ ಮಾತ್ರ. ನಮ್ಮ ಛತ್ರ, ಅರವಟ್ಟಿಗೆಗಳನ್ನು ನೆನಪಿಸುವ ಈ ಔದಾರ್ಯದ ಹಿಂದೆ ಭಯವೂ ಇತ್ತು. ಎಮೊನ್ ಸಾಬುರೋ ಎಂಬ ಸಿರಿವಂತ ಭಿಕ್ಷೆಗೆ ಬಂದ ಸನ್ಯಾಸಿಯ ಬಟ್ಟಲನ್ನು ಒಡೆದು ಎಂಟು ಚೂರು ಮಾಡಿದ, ಅವನ ಎಂಟು ಮಕ್ಕಳೂ ಒಬ್ಬರ ಹಿಂದೆ ಒಬ್ಬರು ಸತ್ತರು ಎಂಬ ಕಥೆ ದ್ವೀಪದಲ್ಲಿ ಮನೆಮಾತು. ಬಾಗಿಲಲ್ಲಿ ನಿಂತವನು ಸ್ವತಃ ದಾಯ್ಶಿಯೇ ಆಗಿದ್ದರೆ?

ಅಥವಾ ಕಳ್ಳನಾಗಿದ್ದರೆ? ಇದೂ ಅಷ್ಟೇ ಹಳೆಯ ಪ್ರಶ್ನೆ. ಗುಂಪಿನಲ್ಲಿ ಬಂದವರಿಗೆ ಗುಂಪೇ ಜಾಮೀನು. ನಮ್ಮಲ್ಲಿ ಧರ್ಮಸ್ಥಳಕ್ಕೋ ಶ್ರೀಶೈಲಕ್ಕೋ ಪಾದಯಾತ್ರೆ ಹೊರಟ ತಂಡಕ್ಕೆ ಶಾಲೆಯ ಜಗಲಿಯೋ ದೇವಸ್ಥಾನದ ಪಡಸಾಲೆಯೋ ಸಿಗುತ್ತದೆ. ಸಂಜೆ ಒಬ್ಬನೇ ಬಂದು ನಿಂತವನನ್ನು ಮೊದಲು ಯಾವ ಊರು, ಯಾರ ಪೈಕಿ ಎಂದು ವಿಚಾರಿಸುತ್ತಾರೆ. ಶಿಕೊಕುವಿನಲ್ಲಿ ಈ ವಿಚಾರಣೆ ಸರ್ಕಾರಿ ರೂಪ ತಳೆಯಿತು. ದಕ್ಷಿಣದ ತೋಸಾ ಸಂಸ್ಥಾನ ಯಾತ್ರಿಕರನ್ನು ಗಡಿಠಾಣೆಯಲ್ಲಿ ತಡೆದು ಕಾಗದ ಪರೀಕ್ಷಿಸುತ್ತಿತ್ತು. ನಡೆಯಬೇಕಾದ ದಾರಿಯೂ ನಿಗದಿ, ಉಳಿಯಬಹುದಾದ ದಿನಗಳೂ ನಿಗದಿ. ‘ತೋಸಾ ರಾಕ್ಷಸರ ನಾಡು, ತಂಗಲು ಮನೆಯಿಲ್ಲ’ ಎಂಬ ಮಾತೇ ಯಾತ್ರಿಕರ ಬಾಯಲ್ಲಿ ಹುಟ್ಟಿಕೊಂಡಿತು. ದೇವಾಲಯಗಳು ಹದಿನಾರೇ ಇದ್ದರೂ ದಾರಿ ಅತಿ ಉದ್ದವಾಗಿರುವುದು ಅಲ್ಲಿಯೇ ಎಂಬುದನ್ನು ಗಮನಿಸಿದರೆ ಆ ಮಾತಿನ ಸಂಕಟ ತಿಳಿಯುತ್ತದೆ. ಯಾತ್ರಿಕನ ರಹದಾರಿಯಲ್ಲಿ ಇನ್ನೊಂದು ಸಾಲೂ ಇರುತ್ತಿತ್ತು: ಈತ ದಾರಿಯಲ್ಲಿ ಸತ್ತರೆ ಆ ಊರಿನ ಪದ್ಧತಿಯಂತೆ ಮಣ್ಣು ಮಾಡಿ, ಮನೆಗೆ ತಿಳಿಸುವ ಅಗತ್ಯವಿಲ್ಲ. ಮೈಮೇಲಿನ ಬಿಳಿ ಬಟ್ಟೆಯೇ ಶವವಸ್ತ್ರ, ಕೈಯಲ್ಲಿರುವ ಕೋಲೇ ಸಮಾಧಿಯ ಗುರುತು.

ಹಾಗೆ ಸತ್ತವರಲ್ಲಿ ಕುಷ್ಠರೋಗಿಗಳು ಅನೇಕರು. ಮನೆಯವರು ಹೊರಹಾಕಿದ ಮೇಲೆ ಸುತ್ತುತ್ತಲೇ ಬದುಕಿ ಸುತ್ತುತ್ತಲೇ ಸಾಯಲು ಅವರು ಈ ದಾರಿಗೆ ಬರುತ್ತಿದ್ದರು. ದುಡ್ಡಿದ್ದರೂ ತಂಗುಮನೆಗಳು ಅವರನ್ನು ಸೇರಿಸುತ್ತಿರಲಿಲ್ಲ. 1868ರ ನಂತರದ ಮೇಜಿ ಆಡಳಿತಕ್ಕಂತೂ ಬೇಡುತ್ತಾ ತಿರುಗುವ ಯಾತ್ರಿಕ ಆಧುನಿಕ ದೇಶಕ್ಕೆ ಅಂಟಿದ ಕಳಂಕದಂತೆ ಕಂಡ. ಪೊಲೀಸರು ಹಿಡಿದು ಗಡಿಯಾಚೆ ಅಟ್ಟುವುದಕ್ಕೆ ‘ಹೆನ್ರೋ ಬೇಟೆ’ ಎಂದೇ ಹೆಸರು ಬಿತ್ತು. 1907ರ ಕಾನೂನು ಅಲೆಯುವ ಕುಷ್ಠರೋಗಿಗಳನ್ನು ಹಿಡಿದಿಡಲು ಅಧಿಕಾರ ಕೊಟ್ಟಿತು. 1909ರಲ್ಲಿ ತಕಾಮತ್ಸು ಬಳಿಯ ಓಶಿಮಾ ದ್ವೀಪದಲ್ಲಿ ಅವರಿಗಾಗಿ ಆಸ್ಪತ್ರೆ ತೆರೆಯಿತು. ತಂಗಲು ಜಾಗವಿಲ್ಲದವರಿಗೆ ಸರ್ಕಾರ ಕೊಟ್ಟ ಮೊದಲ ಖಾಯಂ ಹಾಸಿಗೆ ಅದು ಎಂದರೆ ವ್ಯಂಗ್ಯವಾಗಿ ಕೇಳಿಸಬಹುದು. ಅಲ್ಲಿಗೆ ಹೋದವರು ಹಿಂದಿರುಗುವಂತಿರಲಿಲ್ಲ.

1918ರಲ್ಲಿ ತಕಾಮುರೆ ಇತ್ಸುಎ ಎಂಬ 24 ವರ್ಷದ ಯುವತಿ ಕುಮಾಮೊತೊದಿಂದ ಒಬ್ಬಳೇ ಹೊರಟಳು. ಮುಂದೆ ಜಪಾನಿನ ಸ್ತ್ರೀ ಇತಿಹಾಸದ ಸಂಶೋಧಕಿಯಾಗಿ ಹೆಸರಾದವಳು ಈಕೆಯೇ. ಹೆಣ್ಣೊಬ್ಬಳು ಒಂಟಿಯಾಗಿ ಹೆನ್ರೋ ಆಗಿದ್ದೇ ದೊಡ್ಡ ಸುದ್ದಿ. ಆಕೆ ಬರೆದು ಕಳಿಸಿದ ಬರಹಗಳನ್ನು ಕುಮಾಮೊತೊದ ಪತ್ರಿಕೆ ಕಂತುಕಂತಾಗಿ ಅಚ್ಚು ಹಾಕಿತು. ಆದರೆ ಶಿಕೊಕು ತಲುಪುವ ಮೊದಲೇ ಆಕೆಯ ಒಂಟಿತನ ಮುಗಿದಿತ್ತು. ದಾರಿಯಲ್ಲಿ ಆಶ್ರಯ ಕೊಟ್ಟ 73 ವರ್ಷದ ವೃದ್ಧರೊಬ್ಬರು ತಾವೂ ಬರುತ್ತೇವೆಂದು ಜೊತೆಗೆ ಹೊರಟೇಬಿಟ್ಟರು. ಮುರುಕು ತಂಗುಮನೆ, ಬಯಲು, ಸಿಕ್ಕಲ್ಲಿ ರಾತ್ರಿ ಕಳೆಯುತ್ತಾ ಇಬ್ಬರೂ ಯಾತ್ರೆ ಮುಗಿಸಿದರು.

ದಾರಿಯ ಸ್ವರೂಪವನ್ನು ನಿಜಕ್ಕೂ ಬದಲಾಯಿಸಿದ್ದು ಒಂದು ಬಸ್. 1953ರಲ್ಲಿ ಮತ್ಸುಯಾಮಾದ ಇಯೋ ರೈಲ್ವೆ ಕಂಪನಿ 88 ದೇವಾಲಯಗಳಿಗೂ ಸುತ್ತುವ ಬಸ್ ಯಾತ್ರೆ ಆರಂಭಿಸಿತು. ಅದುವರೆಗೆ ತಂಗುಮನೆಗಳು ಕಾಲಿನ ಅಳತೆಯಲ್ಲಿ ಹಂಚಿಕೊಂಡಿದ್ದವು. ಒಂದು ದಿನದ ನಡಿಗೆ ಎಲ್ಲಿ ಮುಗಿಯುತ್ತದೋ ಅಲ್ಲೊಂದು. ಬಸ್ಸಿಗೆ ಅವು ಯಾವುವೂ ಬೇಡ. ಬೆಳಗಿನಿಂದ ಮಧ್ಯಾಹ್ನದೊಳಗೆ ಅಂಥ ನಾಲ್ಕಾರು ಮನೆಗಳನ್ನು ಅದು ನಿಲ್ಲದೆ ದಾಟಿಬಿಡುತ್ತದೆ. ಅದಕ್ಕೆ ಬೇಕಾದದ್ದು ಸಂಜೆ ನಲವತ್ತು ಜನ ಒಟ್ಟಿಗೆ ಇಳಿದು, ಒಟ್ಟಿಗೆ ಉಂಡು, ಒಟ್ಟಿಗೆ ಮಲಗಬಹುದಾದ ದೊಡ್ಡ ಕಟ್ಟಡ. ದೇವಾಲಯಗಳ ತಂಗುಗೃಹಗಳಾದ ‘ಶುಕುಬೋ’ಗಳು ಆ ಅಳತೆಗೆ ಬೆಳೆದವು. ದಾರಿ ಬದಿಯ ಚಿಕ್ಕ ಮನೆಗಳು ಒಂದೊಂದಾಗಿ ಬಾಗಿಲು ಹಾಕಿದವು.

1990ರ ದಶಕದಲ್ಲಿ ನಡೆಯುವವರು ಮತ್ತೆ ಕಾಣಿಸಿಕೊಂಡಾಗ ಪಾಳುಬಿದ್ದ ಕಾಲುದಾರಿಗಳು ಸಿಕ್ಕವು, ಮಲಗಲು ಮನೆ ಸಿಗಲಿಲ್ಲ. ಮತ್ಸುಯಾಮಾದ ಮಿಯಾಜಾಕಿ ತತೆಕಿ ಎಂಬುವರು ಹಳೆಯ ದಾರಿ ಹುಡುಕಿ, ಮರಮರಕ್ಕೂ ಗುರುತು ಹಾಕಿ, ತಂಗುಮನೆಗಳ ದೂರವಾಣಿ ಸಂಖ್ಯೆ ಸಹಿತ ನಕಾಶೆ ಪುಸ್ತಕ ಮಾಡಿದರು. ಶಿನ್ನೆನ್ ಮಾಡಿದ್ದನ್ನೇ ಮುನ್ನೂರು ವರ್ಷಗಳ ನಂತರ ಮತ್ತೊಮ್ಮೆ ಮಾಡಬೇಕಾಯಿತು. ವಾಸ್ತುಶಿಲ್ಪಿ ಉತಾ ಇಚಿಯೋ 89 ವಿಶ್ರಾಂತಿ ಮಂಟಪಗಳನ್ನು ಕಟ್ಟಿಸುವ ಗುರಿಯಿಟ್ಟು 2001ರಲ್ಲಿ ಕೆಲಸ ಆರಂಭಿಸಿದರು. ಸೂರು, ಬೆಂಚು ಇರುವ ಸುಂದರ ಮಂಟಪಗಳು ಅವು. ಆದರೆ ಎಲ್ಲ ಮಂಟಪಗಳಲ್ಲೂ ರಾತ್ರಿ ಮಲಗಲು ಬಿಡುವುದಿಲ್ಲ.

ಇಂದು ನಡೆಯುವವರ ಮುಖ್ಯ ಆಸರೆ ‘ಮಿನ್ಶುಕು’ ಎಂಬ ಮನೆ ಮಟ್ಟದ ವಸತಿ. ವಯಸ್ಸಾದ ದಂಪತಿ, ಮೂರು ನಾಲ್ಕು ಕೋಣೆ, ರಾತ್ರಿಯ ಊಟ ಮತ್ತು ಬೆಳಗಿನ ತಿಂಡಿ ಸೇರಿ ತಲೆಗಿಷ್ಟು ದರ. ಲೆಕ್ಕ ತಲೆಗೆ ಆದ್ದರಿಂದ ನಾಲ್ವರು ಮಲಗುವ ಕೋಣೆಯಲ್ಲಿ ಒಬ್ಬ ಮಲಗಿದರೆ ಮನೆಯವರಿಗೆ ಮೂವರ ನಷ್ಟ. ಒಂಟಿ ಯಾತ್ರಿಕನಿಗೆ ಫೋನಿನಲ್ಲಿ ‘ಭರ್ತಿಯಾಗಿದೆ’ ಎಂಬ ಉತ್ತರ ಬಂದಾಗ ಅದರಲ್ಲಿ ಈ ಲೆಕ್ಕವೂ ಸೇರಿರಬಹುದು. ಅವರನ್ನು ದೂರುವುದು ಕಷ್ಟ. ಬುಕಿಂಗ್ ಹೆಚ್ಚಾಗಿ ಫೋನಿನಲ್ಲಿಯೇ, ಅದೂ ಜಪಾನಿ ಭಾಷೆಯಲ್ಲಿ. ಭಾಷೆ ಬಾರದವರಿಗೆ ಹಿಂದಿನ ರಾತ್ರಿ ತಂಗಿದ ಮನೆಯ ಒಡತಿಯೇ ಮುಂದಿನ ಊರಿಗೆ ಕರೆ ಮಾಡಿ ಜಾಗ ಹಿಡಿದುಕೊಡುವುದುಂಟು. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಜೀವಾಳ ಇದು. ಒಡತಿ ಹೇಳಿದಳೆಂದರೆ ಯಾತ್ರಿಕ ಗುರುತಿಲ್ಲದವನಲ್ಲ. ಅಷ್ಟಾದ ಮೇಲೂ ಹೇಳದೆ ಕೇಳದೆ ಬಾರದೇ ಉಳಿದರೆ ತಂದಿಟ್ಟ ಮೀನು ಹಾಳು, ಮುಂದಿನ ಅಪರಿಚಿತನ ಮೇಲಿನ ನಂಬಿಕೆಯೂ ಹಾಳು.

ಅಂಥ ಮನೆಗಳು ಕಡಿಮೆಯಾಗುತ್ತಲೇ ಇವೆ. ನಡೆಸುವವರಿಗೆ ವಯಸ್ಸಾಯಿತು, ಮಕ್ಕಳು ಪಟ್ಟಣ ಸೇರಿದರು, 2020ರ ಕೊರೊನಾ ಕಾಲದಲ್ಲಿ ಮುಚ್ಚಿದ ಕೆಲವು ಮತ್ತೆ ತೆರೆಯಲಿಲ್ಲ. ಬಸ್ ಗುಂಪುಗಳು ಕರಗಿದಂತೆ ಶುಕುಬೋಗಳೂ ನಿಲ್ಲುತ್ತಿವೆ; ನಲವತ್ತು ಜನರ ಅಡುಗೆಮನೆಯಲ್ಲಿ ಮೂವರಿಗೆ ಬೇಯಿಸುವುದು ಗಿಟ್ಟುವುದಿಲ್ಲ. ಉಚಿತ ತ್ಸುಯಾದೋಗಳು ಕೆಲವೆಡೆ ಇನ್ನೂ ಇವೆ. ಆದರೆ ಅಪರಿಚಿತ ಗಂಡಸರ ಜೊತೆ ಒಂದೇ ಕೋಣೆಯಲ್ಲಿ ಮಲಗಬೇಕಾಗಬಹುದಾದ್ದರಿಂದ ಒಂಟಿ ಹೆಂಗಸರು ಹಿಂಜರಿಯುವುದು ಸಹಜ. 2018ರಲ್ಲಿ ಜಾರಿಗೆ ಬಂದ ಕಾನೂನು ಮನೆಗಳಲ್ಲಿ ವಸತಿ ಕೊಡುವುದನ್ನು ಸಡಿಲಗೊಳಿಸಿದ ಮೇಲೆ ಹಳೆಯ ಮನೆಗಳಲ್ಲಿ ಹೊಸ ಅತಿಥಿಗೃಹಗಳು ತೆರೆದಿವೆ. ಒಂಟಿಯಾಗಿ ಬಂದವರಿಗೆ ಅಲ್ಲಿ ಅಡ್ಡಿಯಿಲ್ಲ, ಊಟದ್ದೇ ಚಿಂತೆ.

ಇದರ ಮೇಲೆ 2024ರ ಏಪ್ರಿಲ್‌ನಿಂದ ದೇವಾಲಯಗಳಲ್ಲಿ ಭೇಟಿಯ ಗುರುತಾಗಿ ಯಾತ್ರಿಕರ ಪುಸ್ತಕಕ್ಕೆ ಮುದ್ರೆ ಹಾಕಿಕೊಡುವ ಕಚೇರಿ ಬೆಳಗ್ಗೆ 7ರ ಬದಲು 8ಕ್ಕೆ ತೆರೆಯುತ್ತಿದೆ. ಕಾರಿನವರಿಗೆ ಒಂದು ಗಂಟೆ ಏನೂ ಅಲ್ಲ. ನಡೆಯುವವನಿಗೆ ಅದು ನಾಲ್ಕು ಕಿಲೋಮೀಟರ್, ಕೆಲವೊಮ್ಮೆ ಅಷ್ಟೇ ಅಂತರದಿಂದ ಆ ಸಂಜೆಯ ಹಾಸಿಗೆ ಕೈತಪ್ಪುತ್ತದೆ.

ಇಚಿನೋಸೆಯಲ್ಲಿ ಶಿನ್ನೆನ್‌ನ ಹೆಸರಿನ ಪುಟ್ಟ ಗುಡಿ ಇನ್ನೂ ಇದೆ. ಹಿಂದಿನವರು ಅಲ್ಲಿ ಗಂಟುಮೂಟೆ ಇಟ್ಟು, ಬರಿಗೈಯಲ್ಲಿ ಭೂಶಿರದ ದೇವಾಲಯಕ್ಕೆ ಹೋಗಿ, ಬಂದ ದಾರಿಯಲ್ಲೇ ಹಿಂದಿರುಗುತ್ತಿದ್ದರು. ಈಗಲೂ ಅನೇಕರು ಆ ಭಾಗದ ಒಂದೇ ಮಿನ್ಶುಕುವಿನಲ್ಲಿ ಎರಡು ರಾತ್ರಿಗೆ ಜಾಗ ಹಿಡಿಯುತ್ತಾರೆ. ಚೀಲವನ್ನು ಒಡತಿಯ ಬಳಿ ಬಿಟ್ಟು, ಕಟ್ಟಿಕೊಟ್ಟ ಬುತ್ತಿ ಹಿಡಿದು ಬೆಳಕು ಹರಿಯುವ ಮೊದಲೇ ಹೊರಡುತ್ತಾರೆ.