ಟಿವಿಯಲ್ಲಿ ಕಾಣುವ ಹಳೆಯ ಸಾಮಾನಿನ ವ್ಯಾಪಾರ ಎಷ್ಟು ನಿಜ?

ಪ್ರಶ್ನೆ: ಗಿರವಿ ಅಂಗಡಿಗೆ ಯಾರೋ ಹಳೆಯ ಕತ್ತಿ ತರುತ್ತಾರೆ, ತಜ್ಞರು ಬಂದು ಬೆಲೆ ಕಟ್ಟುತ್ತಾರೆ, ಚೌಕಾಸಿ ಮುಗಿದು ಅಲ್ಲೇ ಹಣ ಕೈಸೇರುತ್ತದೆ. ಟಿವಿಯ ಇಂಥ ಕಾರ್ಯಕ್ರಮಗಳಲ್ಲಿ ನಾಟಕ ಎಷ್ಟು? ಮಾಟುಂಗಾದಲ್ಲಿ ಹೋಟೆಲ್ ನಡೆಸುತ್ತಿದ್ದ ಅಜ್ಜನ ಗಲ್ಲಾಪೆಟ್ಟಿಗೆ ನಮ್ಮ ಮನೆಯಲ್ಲಿದೆ. ಅದಕ್ಕೂ ಹಾಗೆ ಬೆಲೆ ಬಂದೀತೇ?
– ಡೊಂಬಿವಲಿಯ ಓದುಗರೊಬ್ಬರು

ತೋರಿಸುವ ವಸ್ತು ಬಹುಮಟ್ಟಿಗೆ ನಿಜ. ಅದು ಆಕಸ್ಮಿಕವಾಗಿ ಅಂಗಡಿಗೆ ಬಂದುಬಿಟ್ಟಿತು ಎಂಬುದು ಮಾತ್ರ ಕಟ್ಟಿದ್ದು.

ಲಾಸ್ ವೇಗಸ್‌ನ ಗಿರವಿ ಅಂಗಡಿಯೊಂದನ್ನು ತೋರಿಸುವ ‘ಪಾನ್ ಸ್ಟಾರ್ಸ್’ 2009ರಲ್ಲಿ ಶುರುವಾಯಿತು. ಅಂಗಡಿ ನಿಜವಾಗಿಯೂ ಇದೆ, ವ್ಯಾಪಾರವೂ ನಡೆಯುತ್ತದೆ. ಆದರೆ ಕ್ಯಾಮೆರಾದ ಮುಂದೆ ಬಾಗಿಲು ತಳ್ಳಿಕೊಂಡು ಬರುವ ಗಿರಾಕಿ ಏನು ತರುತ್ತಾನೆಂಬುದು ತಂಡಕ್ಕೆ ಮೊದಲೇ ಗೊತ್ತಿರುತ್ತದೆ. ಬಂದ ಅರ್ಜಿಗಳಲ್ಲಿ ಆರಿಸಿ ಕರೆಸಿರುತ್ತಾರೆ. ಹಳೆಯ ಪಿಸ್ತೂಲೊಂದು ಬಂದ ದಿನವೇ, ಪಿಸ್ತೂಲುಗಳ ವಿಷಯವನ್ನು ಅರೆದು ಕುಡಿದವರೊಬ್ಬರು ಊರಿನಲ್ಲಿ ಬಿಡುವಾಗಿರುವುದು ಎಷ್ಟು ಸಲ ಸಾಧ್ಯ?

ಬಾಡಿಗೆ ಕಟ್ಟದವರ ಗೋದಾಮುಗಳನ್ನು ಹರಾಜು ಹಾಕುವ ‘ಸ್ಟೋರೇಜ್ ವಾರ್ಸ್’ ಮೇಲೆ ಇನ್ನೂ ದೊಡ್ಡ ಆರೋಪ ಬಂತು. ಅದರಲ್ಲೇ ಬಿಡ್ ಕೂಗುತ್ತಿದ್ದ ಡೇವ್ ಹೆಸ್ಟರ್ 2012ರ ಡಿಸೆಂಬರಿನಲ್ಲಿ ಮೊಕದ್ದಮೆ ಹೂಡಿದರು. ಬೆಲೆಬಾಳುವ ವಸ್ತುಗಳನ್ನು ನಿರ್ಮಾಪಕರೇ ತಂದಿಡುತ್ತಾರೆ, ಒಮ್ಮೆ ಕಸದ ರಾಶಿಯಡಿ ಮಿನಿ ಕಾರನ್ನೇ ಹುದುಗಿಸಿಟ್ಟಿದ್ದರು ಎಂದರು. ಏನನ್ನು ಹೇಗೆ ತೋರಿಸಬೇಕೆಂಬುದು ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಸೇರಿದ್ದು ಎಂದು ವಾಹಿನಿ ವಾದಿಸಿತು. 2014ರಲ್ಲಿ ರಾಜಿಯಾಯಿತು.

ಇವು ಮನರಂಜನೆಯ ಮಾತಾಯಿತು. ನನಗೆ ನಿಜವಾಗಿ ಸಂಕಟವಾಗುವುದು 1997ರ ಪ್ರಕರಣ ನೆನೆದಾಗ. ಮರ್ಯಾದಸ್ಥ ಕಾರ್ಯಕ್ರಮವೆಂದು ಎಲ್ಲರೂ ನಂಬಿದ್ದ, ಅಮೆರಿಕದ ‘ಆಂಟಿಕ್ಸ್ ರೋಡ್‌ಶೋ’ದಲ್ಲಿ ಒಬ್ಬಾತ ಕತ್ತಿ ತಂದು, ಚಿಕ್ಕಂದಿನಲ್ಲಿ ಇದರಿಂದಲೇ ಕಲ್ಲಂಗಡಿ ಹೆಚ್ಚುತ್ತಿದ್ದೆ ಎಂದ. ತಜ್ಞರು ಅದಕ್ಕೆ 35 ಸಾವಿರ ಡಾಲರ್ ಬೆಲೆ ಕಟ್ಟಿದರು. ತಜ್ಞರೂ ಕತ್ತಿ ತಂದವನೂ ಎಲ್ಲವನ್ನೂ ಮೊದಲೇ ಮಾತಾಡಿಕೊಂಡಿದ್ದರು. ಕಾರ್ಯಕ್ರಮದವರಿಗೂ ಅದು ಗೊತ್ತಿರಲಿಲ್ಲ. ಹಾಗೆ ಗಳಿಸಿದ ಹೆಸರನ್ನು ಹಿಡಿದುಕೊಂಡು ಆ ತಜ್ಞರು, ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿದವರ ವಂಶಜರ ಮನೆಗಳಿಗೆ ಹೋಗಿ ಹಿರಿಯರ ಕತ್ತಿ, ಸಮವಸ್ತ್ರಗಳನ್ನು ಅಗ್ಗಕ್ಕೆ ಕೊಂಡು ಹಲವು ಪಟ್ಟು ಬೆಲೆಗೆ ಮಾರಿದರು. ಪ್ರಕರಣ ನ್ಯಾಯಾಲಯಕ್ಕೆ ಹೋಯಿತು. 2002ರಲ್ಲಿ ಅವರಲ್ಲೊಬ್ಬನಿಗೆ ಒಂದು ವರ್ಷದ ಜೈಲಾಯಿತು. ಟಿವಿಯಲ್ಲಿ ಕಂಡ ಮುಖವೆಂಬ ಒಂದೇ ನಂಬಿಕೆಗೆ ಆ ಮನೆಗಳವರು ಬಾಗಿಲು ತೆರೆದಿದ್ದರು.

ನಟನೆ ವಸ್ತುಗಳಿಗೂ ಬರುತ್ತದೆ. ಮುಂಬೈಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಒಮ್ಮೆ ಹಿತ್ತಾಳೆ ಕಹಳೆಯ ಗ್ರಾಮೊಫೋನಿಗೆ ಮನಸೋತು ನಿಂತಿದ್ದೆ. ನಾಯಿ ಕುಳಿತ ಎಚ್‌ಎಂವಿ ಚಿತ್ರ, ಕಪ್ಪಗೆ ಮಾಗಿದಂತೆ ಕಾಣುವ ಮರ. ಬಗ್ಗಿ ನೋಡಿದರೆ ಚಿತ್ರದ ತಗಡಿಗೆ ಬಿಗಿದ ಸ್ಕ್ರೂಗಳ ತಲೆಯಲ್ಲಿ ಪ್ಲಸ್ ಗುರುತು! ಅಂಥ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ, ಕಹಳೆಯ ಗ್ರಾಮೊಫೋನಿನ ಕಾಲ ಅದಕ್ಕೂ ಹಿಂದಿನದು. ಪೆಟ್ಟಿಗೆಯೊಳಗೆ ಹೊಸ ಪಾಲಿಶಿನ ವಾಸನೆ ಇನ್ನೂ ಆರಿರಲಿಲ್ಲ. ಹಳೆಯ ಯಂತ್ರಕ್ಕೆ ಹೊಸ ಪೆಟ್ಟಿಗೆ, ಹೊಸ ಕಹಳೆ ಜೋಡಿಸಿ ಮಾರುವುದು ನಮ್ಮಲ್ಲಿ ಮಾಮೂಲು. ಕೂಡಿಸಿದ್ದೆಂದು ಹೇಳಿ ಮಾರಿದರೆ ನನ್ನ ತಕರಾರಿಲ್ಲ. ಅಜ್ಜನ ಕಾಲದ್ದು ಎಂದು ಮಾರಿದರೆ ಅದು ಮೋಸ.

ಇನ್ನು ನಿಮ್ಮ ಗಲ್ಲಾಪೆಟ್ಟಿಗೆ. ಟಿವಿಯಲ್ಲಿ ತಜ್ಞರು ಹೇಳುವುದು ಸಾಮಾನ್ಯವಾಗಿ ಹರಾಜಿನಲ್ಲಿ ಬರಬಹುದಾದ ಬೆಲೆ ಅಥವಾ ವಿಮೆಯ ಬೆಲೆ. ಅಂಗಡಿಯವರು ಬಾಡಿಗೆ ಕಟ್ಟಬೇಕು, ಗಿರಾಕಿಗಾಗಿ ತಿಂಗಳುಗಟ್ಟಲೆ ಕಾಯಬೇಕು, ಹಾಗಾಗಿ ಅದಕ್ಕಿಂತ ಎಷ್ಟೋ ಕಡಿಮೆ ಕೊಡುತ್ತಾರೆ. ಡಾಲರಿನ ಲೆಕ್ಕವನ್ನಂತೂ ಇಲ್ಲಿಗೆ ತರಬೇಡಿ. ನಮ್ಮ ದೇಶದ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಪುರಾತನ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಅವುಗಳ ವ್ಯಾಪಾರಕ್ಕೆ ಪರವಾನಗಿಯೂ ಬೇಕು.

ಮಾರಲೇಬೇಕೆಂದಿದ್ದರೆ ಮೊದಲು ಫೋಟೊ ತೆಗೆದುಕೊಂಡು ಮೂರು ನಾಲ್ಕು ಅಂಗಡಿಗಳಲ್ಲಿ ಕೇಳಿ. ಚೋರ್ ಬಜಾರಿಗೆ ಶುಕ್ರವಾರ ಹೋಗಬೇಡಿ, ಅಂದು ಅಲ್ಲಿ ಬೀದಿಯ ಸಂತೆ. ಕೀಲು ಯಾವುದು, ಸ್ಕ್ರೂ ಯಾವುದು ಎಂದು ಮನೆಯಲ್ಲೇ ನೋಡಿಟ್ಟುಕೊಳ್ಳಿ. ಅಜ್ಜ ಹೋಟೆಲಿನ ಗಲ್ಲೆಯಲ್ಲಿ ಕುಳಿತ ಹಳೆಯ ಫೋಟೊ ಇದ್ದರೆ ಹುಡುಕಿ, ಪೆಟ್ಟಿಗೆ ಎಲ್ಲಿಂದ ಬಂತೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಹಿತ್ತಾಳೆಯ ಮೂಲೆಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಮುಚ್ಚಳದ ಒಳಗೆ ದೀಪಾವಳಿಯ ಪೂಜೆಯಲ್ಲಿ ಹಚ್ಚಿದ ಕುಂಕುಮದ ಕಲೆಗಳಿದ್ದರೆ, ಅವೂ ಹಾಗೆಯೇ ಇರಲಿ.