ನಿಮ್ಮ ನಂಬರ್ ಕೇಳದೆ ಬರುವ ಎಚ್ಚರಿಕೆ

2023ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಎಷ್ಟೋ ಫೋನ್‌ಗಳು ಒಮ್ಮೆಲೇ ಜೋರಾಗಿ ಕೂಗಿಕೊಂಡಿದ್ದು ನೆನಪಿದೆ ಅಲ್ವಾ? ದೂರಸಂಪರ್ಕ ಇಲಾಖೆ ಮತ್ತು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ನಡೆಸಿದ ತುರ್ತು ಎಚ್ಚರಿಕೆಯ ಪರೀಕ್ಷೆ ಅದು. ‘ನಾವು ಎಲ್ಲಿದ್ದೀವಿ ಅಂತ ಅವರಿಗೆ ಗೊತ್ತು, ಅದಕ್ಕೇ ಮೆಸೇಜ್ ಬಂತು’ ಅಂತ ನಂಬಿದವರು ಬಹಳ. ಆದರೆ ಆ ಮೆಸೇಜ್ ಕಳಿಸಿದವರಿಗೆ ಅದು ಯಾರ ಫೋನಿಗೆ ತಲುಪಿತು ಅನ್ನೋದೇ ತಿಳಿಯುವುದಿಲ್ಲ.

ಇದು ಸೆಲ್ ಬ್ರಾಡ್‌ಕಾಸ್ಟ್. ಎಸ್ಸೆಮ್ಮೆಸ್ ಕಳಿಸಬೇಕಾದರೆ ನಂಬರ್ ಬೇಕು. ಆ ನಂಬರ್ ಈಗ ಯಾವ ಕಡೆ ಇದೆ ಅಂತ ನೆಟ್‌ವರ್ಕ್ ಹುಡುಕಬೇಕು. ಲಕ್ಷ ಜನರಿಗೆ ಲಕ್ಷ ಸಲ ಕಳಿಸಬೇಕು. ಹೊಳೆ ಉಕ್ಕಿ ಬರುವಾಗ ಎಲ್ಲರೂ ಫೋನ್ ಹಿಡಿದಿರುತ್ತಾರೆ, ಸಾಲು ಬೆಳೆದು ಮೆಸೇಜ್ ತಡವಾಗುತ್ತದೆ. ಸೆಲ್ ಬ್ರಾಡ್‌ಕಾಸ್ಟ್ ಊರಲ್ಲಿ ಡಂಗುರ ಹೊಡೆದ ಹಾಗೆ. ಡಂಗುರದವನ ಕೈಯಲ್ಲಿ ಮನೆಮನೆಯ ಪಟ್ಟಿ ಇರುವುದಿಲ್ಲ, ಬೀದಿಯಲ್ಲಿರುವ ಯಾರಿಗಾದರೂ ಕೇಳುತ್ತದೆ. ಟವರ್ ಕೂಡ ತನ್ನ ವ್ಯಾಪ್ತಿಗೆಲ್ಲ ಒಂದೇ ಸಂದೇಶ ಬಿತ್ತರಿಸುತ್ತದೆ. ಹತ್ತು ಫೋನ್ ಇರಲಿ, ಹತ್ತು ಸಾವಿರ ಇರಲಿ, ಅದಕ್ಕೆ ಹೊರೆ ಒಂದೇ. ಆಮೇಲೆ ಬಂದವರಿಗೂ ಸಿಗಲಿ ಅಂತ ಅದನ್ನೇ ಮತ್ತೆ ಮತ್ತೆ ಕಳಿಸುತ್ತದೆ. ಪ್ರತಿ ಸಂದೇಶಕ್ಕೂ ಒಂದು ಸಂಖ್ಯೆ ಇರುತ್ತದೆ. ಈ ಸಂಖ್ಯೆಯದ್ದು ಆಗಲೇ ಬಂದಿದೆ ಅಂತ ಕಂಡರೆ ಫೋನ್ ಸುಮ್ಮನಿರುತ್ತದೆ. ‘ತಲುಪಿತು’ ಅಂತ ವಾಪಸ್ ಹೇಳುವುದೂ ಇಲ್ಲ. ನನಗೆ ಬಹಳ ಇಷ್ಟವಾಗುವುದು ಇದೇ. ಜೀವ ಉಳಿಸುವ ವ್ಯವಸ್ಥೆ, ಆದರೆ ಯಾರ ಜಾಡನ್ನೂ ಕೂಡಿಡುವುದಿಲ್ಲ.

ಜಾಡು ಕೂಡಿಟ್ಟರೆ ಉಪಯೋಗ ಇಲ್ಲ ಅಂತಲ್ಲ. 2010ರ ಹೈಟಿ ಭೂಕಂಪದ ನಂತರ ಜನ ಎತ್ತ ಹೋದರು ಅಂತ ಸಂಶೋಧಕರು ಸಿಮ್‌ಗಳ ಓಡಾಟದಿಂದಲೇ ಲೆಕ್ಕ ಹಾಕಿದರು. ಹೆಸರು ತೆಗೆದ ಮಾಹಿತಿ ಅದು. ಹೆಸರು ತೆಗೆದರೆ ಸಾಕು ಅಂತ ಸುಮಾರು ಜನ ಅಂದುಕೊಳ್ಳುತ್ತಾರೆ, ಸಾಲದು. 15 ಲಕ್ಷ ಜನರ ಮೊಬೈಲ್ ದಾಖಲೆ ನೋಡಿದ 2013ರ ಅಧ್ಯಯನವೊಂದರಲ್ಲಿ, ಎಲ್ಲಿ ಮತ್ತು ಯಾವಾಗ ಅನ್ನುವ ಬರೀ ನಾಲ್ಕು ಬಿಂದುಗಳಿಂದ 95% ಜನರನ್ನು ಉಳಿದವರಿಂದ ಬೇರೆ ಮಾಡಬಹುದಿತ್ತು.

ಡಂಗುರಕ್ಕೂ ಹೊಣೆ ಇದೆ. 2018ರ ಜನವರಿ 13ರಂದು ಹವಾಯಿಯಲ್ಲಿ ‘ಕ್ಷಿಪಣಿ ಬರುತ್ತಿದೆ’ ಎಂಬ ಸುಳ್ಳು ಎಚ್ಚರಿಕೆ ಹೋಯಿತು. ತಪ್ಪು ಅಂತ ತಿಳಿಸುವ ಸಂದೇಶ ಫೋನ್‌ಗಳಿಗೆ ಬರಲು 38 ನಿಮಿಷ ಹಿಡಿಯಿತು. ಒಬ್ಬರೇ ಬಟನ್ ಒತ್ತುವ ಪದ್ಧತಿ ಆಮೇಲೆ ಹೋಯಿತು, ಈಗ ಇಬ್ಬರು ಬೇಕು.

ಇನ್ನೊಂದು ತೊಡಕು ನನಗಂತೂ ಹೊಳೆದೇ ಇರಲಿಲ್ಲ. 2023ರ ಏಪ್ರಿಲ್‌ನಲ್ಲಿ ಬ್ರಿಟನ್ನಿನಲ್ಲಿ ಇಂಥದ್ದೇ ಪರೀಕ್ಷೆ ಇತ್ತು. ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸರು ಸಹಾಯ ಕೇಳಲೆಂದು ಬಚ್ಚಿಟ್ಟ ಫೋನ್ ಆ ಸದ್ದಿಗೆ ಸಿಕ್ಕಿಬೀಳುತ್ತದೆ ಅಂತ ಅವರಿಗೆ ನೆರವಾಗುವ ಸಂಸ್ಥೆಗಳು ಮುಂಚೆಯೇ ಎಚ್ಚರಿಸಿದವು. ಸೆಟ್ಟಿಂಗ್ಸ್‌ನಲ್ಲಿ ಎಮರ್ಜೆನ್ಸಿ ಅಲರ್ಟ್ ಆಫ್ ಮಾಡುವುದು ಹೇಗೆ ಅಂತಲೂ ಹೇಳಿಕೊಟ್ಟವು. ನಮ್ಮಲ್ಲೂ ಪರೀಕ್ಷೆಯ ದಿನ ತಿಳಿಸುವಾಗ ಇದನ್ನೂ ಸೇರಿಸಿ ಹೇಳಬೇಕು.